ಹದಿನಾರನೆಯದು

ಹನ್ನೆರಡು ಮುಳ್ಳು ಮೂತಿಯಲ್ಲಿ,
ಮೂರು ನಾಲಿಗೆಯ ಕೆಳಗೆ,
ಒಂದು, ಕಣ್ಣಿನಿಂದ ಬೆರಳಗಲ ಆಚೆ.
ಸುಬೇದಾರ ಹಿತ್ತಲ ಬಾಗಿಲಲ್ಲಿ ನಿಂತಿದ್ದ.
ಬೊಗಳಲಿಲ್ಲ.
ಬೊಗಳಲು ಬಾಯಿ ತೆರೆಯಬೇಕು, ಮುಚ್ಚಬೇಕು,
ಅವನಿಗೆ ಎರಡೂ ಆಗದು.

ರಾತ್ರಿ ಎರಡೂಕಾಲು. ಗೋಣಿಕೊಪ್ಪದ ಬೈಪಾಸಿನಲ್ಲಿ
ಲಾರಿಯೊಂದು ಗೇರು ಬದಲಿಸಿತು.
ದನದಾಸ್ಪತ್ರೆಯ ಕಾಂಪೌಂಡರ್ ಉಮ್ಮರಿಗೆ ಫೋನು ಮಾಡಿದೆ.
"ಮುಳ್ಳುಹಂದಿಯಾ? ಕತ್ತರಿಸಬೇಡಿ ಮಾರಾಯ್ರೆ,
ಬುಡದಲ್ಲಿ ಹಿಡಿದು ನೆಟ್ಟಗೆ ಎಳೀರಿ.
ನಿಮಗೆ ಸೂಜಿಯ ಕೈ ಉಂಟಲ್ಲ.
ಬೆಳಿಗ್ಗೆ ಬರ್ತೇನೆ, ಇಂಜೆಕ್ಷನ್ ತರ್ತೇನೆ."

ಸೂಜಿಯ ಕೈ ಹೌದು. ಇಪ್ಪತ್ತಾರು ವರ್ಷ
ಬಸ್‌ಸ್ಟ್ಯಾಂಡಿನ ಎದುರು ಮಹಡಿಯ ಮೇಲೆ
ಬ್ಲೌಸು, ಶಾಲೆಯ ಯೂನಿಫಾರ್ಮು,
ಮದುವೆ ಸೀಸನ್ನಿಗೆ ಕುಪ್ಯದ ಅಂಚು.
ಗುಂಡುಸೂಜಿ ಕಚ್ಚಿಕೊಂಡೇ ಮಾತಾಡಿದ ಬಾಯಿ ನನ್ನದು,
ಇವತ್ತು ಇವನದು.

ಇಕ್ಕಳ, ಟಾರ್ಚು, ಅರಿಶಿನ, ಹಳೆಯ ಲಂಗ.
ತಲೆಯನ್ನು ಮೊಣಕಾಲ ಸಂದಿಗೆ ಒತ್ತಿಕೊಂಡೆ.
ಎಳೆದಾಗಲೆಲ್ಲ ಅವನು ನನ್ನ ಕೈಯನ್ನೇ ನೋಡಿದ,
ಮುಳ್ಳನ್ನಲ್ಲ.
ಕಣ್ಣ ಪಕ್ಕದ್ದನ್ನು ಕೊನೆಗೆ ಉಳಿಸಿಕೊಂಡಿದ್ದೆ.
ಅದು ಬರುವವರೆಗೆ
ಇಬ್ಬರಲ್ಲಿ ಯಾರೂ ಉಸಿರಾಡಿದ ನೆನಪಿಲ್ಲ.

ಬೆಳಕಾದಾಗ ನೋಡಿದರೆ
ಮರಗೆಣಸಿನ ನಾಲ್ಕು ಗಿಡ ಅಡ್ಡ ಬಿದ್ದಿವೆ.
ತಂತಿಬೇಲಿಯಡಿ ಬೋಗುಣಿಯಷ್ಟು ಗುಂಡಿ.
ಪಕ್ಕದ ಅಮ್ಮುಣಿಯ ಬೆಕ್ಕು
ಬೆಣ್ಣೆಹಣ್ಣಿನ ತುದಿಕೊಂಬೆಯಲ್ಲಿ,
ಎಲ್ಲವನ್ನೂ ಕಂಡದ್ದು, ಇಳಿಯಲೊಲ್ಲದ್ದು.

ಮೂವತ್ತು ನಲವತ್ತರ ಸೈಟು ನಮ್ಮದು,
ಮನೆ ಎದ್ದ ಮೇಲೆ ಹಿಂದೆ ಉಳಿದದ್ದು ಒಂದು ಸೀರೆಯ ಉದ್ದ.
ಆರು ವರ್ಷದ ಹಿಂದೆ ಚೈನು ಎಳೆದವರು
ನಾಲ್ಕು ಮೂಲೆಯ ಕಲ್ಲು ತೋರಿಸಿದ್ದರು.
ನಡುವೆ ಯಾರ ದಾರಿ ಇದೆಯೆಂದು
ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

"ನನ್ನಜ್ಜ ಇದ್ದಿದ್ದರೆ ಕೋವಿ ತೆಗೀತಿದ್ದರು,"
ಬೇಲಿಯಾಚೆ ಅಮ್ಮುಣಿ.
ಎದುರುಮನೆಯ ಬೆಳ್ಯಪ್ಪ, ಫಾರೆಸ್ಟಿನವರು,
ಕಾಫಿ ಲೋಟ ಹಿಡಿದೇ ಬಂದಿದ್ದರು,
ಅಜ್ಜನ ಮಾತಿಗೆ ಸುಮ್ಮನೆ ಕೆಮ್ಮಿದರು.
"ಮುಳ್ಳು ಇಟ್ಟುಕೋಬೇಡಿ, ಕೇಸಾಗ್ತದೆ."
"ನಾಯಿ ಮೂತಿಯಿಂದ ಕಿತ್ತದ್ದು ಸಾರ್."
"ಯಾವ ಮೂತಿಯಾದರೂ."
ಪೇಪರಿನಲ್ಲಿ ಸುತ್ತಿ ಕೊಟ್ಟೆ.
ಅವರು ಎಣಿಸಿದರು. ಹದಿನೈದು.

ಕಾಲರನ್ನು ಹೊಲಿದು ಮಗುಚಿದಾಗ
ಮೂಲೆ ಒಳಗೇ ಮುದುಡಿಕೊಳ್ಳುತ್ತದೆ,
ಶಾಲೆಗೆ ಹೋಗಲ್ಲ ಅನ್ನುವ ಮಗುವಿನ ಹಾಗೆ.
ಕತ್ತರಿ ಇಟ್ಟರೆ ಬಟ್ಟೆ ಹರಿಯುತ್ತದೆ,
ಸೂಜಿ ಇಟ್ಟರೆ ನೂಲು ಬಿಡುತ್ತದೆ.
ಮುಳ್ಳು ಹಾಗಲ್ಲ.
ಬೆಳ್ಯಪ್ಪನವರ ಹೊಸ ಖಾಕಿ ಶರ್ಟು ತೊಟ್ಟು ನೋಡಿ
ಕನ್ನಡಿಯಲ್ಲೇ ಹೇಳಿದರು:
"ಇಷ್ಟು ಚೂಪು ಮೈಸೂರಲ್ಲೂ ಕೂರಿಸೋದಿಲ್ಲ."
ನಾನು ಮೆಷಿನ್ನಿನ ಡ್ರಾಯರನ್ನು ಮೊಣಕಾಲಲ್ಲಿ ಮುಚ್ಚಿದೆ.

ಒಂಬತ್ತನೆಯ ರಾತ್ರಿ ಮತ್ತೆ ಬಂತು.
ಒಣಬಿದಿರ ಬುಟ್ಟಿಯನ್ನು ಯಾರೋ ಕುಲುಕಿದ ಸದ್ದು.
ಲೈಟು ಹಾಕದೆ ಅಡುಗೆಮನೆ ಕಿಟಕಿಗೆ ನಿಂತೆ,
ಇಕ್ಕಳ ಕೈಯಲ್ಲೇ.
ಅದು ಗೆಣಸು ಅಗಿಯುತ್ತಿತ್ತು,
ಬೀಡಿ ಸುತ್ತುವ ಮುದುಕಿಯಷ್ಟು ನಿಧಾನ.
ಸುಬೇದಾರ ಎದುರಿಗೆ ಕೂತಿದ್ದ,
ಮುಂಗಾಲು ಜೋಡಿಸಿ,
ಮೂತಿಯ ಗಾಯಗಳ ಮೇಲೆ ಇನ್ನೂ ಅರಿಶಿನ.
ಅದು ಒಮ್ಮೆ ಬೆನ್ನು ಕೆದರಿತು, ಇಳಿಸಿತು.
ಅವನು ಒಮ್ಮೆ ಆಕಳಿಸಿದ.

ನನಗೆ ಸಿಟ್ಟು ಬಂತು, ನಾಯಿಯ ಮೇಲೆ.
ಹದಿನಾರೂ ಮರೆತೆಯೇನೋ, ಎಂದೆ, ಗಾಜಿಗೆ.
ಅವನ ಒಂದು ಕಿವಿ ಇತ್ತ ತಿರುಗಿತು,
ಕಣ್ಣು ಅತ್ತಲೇ ಇತ್ತು.

ಬೆಳಿಗ್ಗೆ ಟೇಪು ಹಿಡಿದು ಹೋದೆ.
ಕೂತು ಹುಲ್ಲು ಒತ್ತಿದ ಜಾಗದಿಂದ
ಕಚ್ಚಿ ಬಿಟ್ಟ ಗೆಣಸಿನ ತುಂಡಿನವರೆಗೆ
ನಲವತ್ತೊಂದು ಇಂಚು.
ಪುಸ್ತಕದಲ್ಲಿ ಬರೆದಿಟ್ಟೆ,
ಅಮ್ಮುಣಿಯ ತೋಳು, ಬೆಳ್ಯಪ್ಪನವರ ಕುತ್ತಿಗೆ,
ಅದರ ಕೆಳಗಿನ ಸಾಲಿನಲ್ಲಿ.
ಪೆನ್ಸಿಲಿನಲ್ಲೇ.
ಅಳತೆ ಬದಲಾಗುತ್ತಿರುತ್ತದೆ.